ಲಂಗರಿನಿಂದ ದಡದವರೆಗೆ

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನ ಎದುರಿಗೆ, ಸುಮಾರು 6 ಕಿಲೋಮೀಟರ್ ದೂರದ ಕಡಲಿನಲ್ಲಿ ಉತ್ತರ ದಕ್ಷಿಣವಾಗಿ ಚಾಚಿಕೊಂಡ ದ್ವೀಪಗಳ ಸಾಲೊಂದಿದೆ. ನಕ್ಷೆಯಲ್ಲಿ ಇವಕ್ಕೆ ಸೇಂಟ್ ಮೇರೀಸ್ ದ್ವೀಪಗಳೆಂದು ಹೆಸರು. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗಳು ಹೋಗುವುದು ತೆಂಗಿನ ದ್ವೀಪಕ್ಕೆ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 10 ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಜನವಸತಿಯಿಲ್ಲ, ಕುಡಿಯುವ ನೀರಿನ ಆಸರೆಯೂ ಇಲ್ಲ.

ಮಲ್ಪೆಯಿಂದ ಹೊರಟ ದೊಡ್ಡ ದೋಣಿ ಈ ದ್ವೀಪದ ಹತ್ತಿರಕ್ಕೆ ಬಂದು ನಿಂತುಬಿಡುತ್ತದೆ. ಎದುರಿಗೆ ಮರಳು ಕಾಣುತ್ತಿರುತ್ತದೆ, ತೆಂಗಿನ ಮರಗಳನ್ನು ಎಣಿಸಬಹುದು, ಆದರೂ ದೋಣಿ ಮುಂದೆ ಹೋಗುವುದಿಲ್ಲ. ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ಜನರನ್ನು ಕಂತು ಕಂತಾಗಿ ಇಳಿಸಿಕೊಂಡು ದಡಕ್ಕೆ ಒಯ್ಯುತ್ತದೆ. ಇದು ಬಹುಕಾಲದಿಂದ ನಡೆದುಬಂದ ಕ್ರಮ. ತುಮಕೂರು ಸೀಮೆಯ ಹಿರೇಹಳ್ಳಿ, ಗುಬ್ಬಿ, ಕುಣಿಗಲ್ ಕಡೆಯಿಂದ ಚಳಿಗಾಲದ ಪ್ರವಾಸಕ್ಕೆ ಹೋಗುವವರಿಗೆ ಇದು ವಿನಾಕಾರಣದ ತಡವೆಂದು ತೋರಬಹುದು. ಆದರೆ ಕಡಲಿನ ಪ್ರಯಾಣದಲ್ಲಿ ಕಷ್ಟದ ಭಾಗ ಇರುವುದೇ ಈ ಕೊನೆಯ ನೂರು ಮೀಟರಿನಲ್ಲಿ. ಆಳ ನೀರಿನಲ್ಲಿ ದೋಣಿಗೆ ಅಪಾಯ ಕಡಿಮೆ. ನೆಲ ಹತ್ತಿರವಾದಂತೆ ಅಪಾಯ ಹೆಚ್ಚುತ್ತದೆ. ನೀರಿನೊಳಗೆ ಮುಳುಗಿದ ಬಂಡೆಗಳು, ಆಳ ಕಡಿಮೆಯಾದಂತೆ ನೆಟ್ಟಗೆ ಎದ್ದು ಮುರಿಯುವ ತೆರೆಗಳು, ದಡದ ಕಡೆಗೆ ತಳ್ಳುವ ಗಾಳಿ ಎಲ್ಲವೂ ಅಲ್ಲಿಯೇ ಸೇರುತ್ತವೆ. ದೊಡ್ಡ ದೋಣಿಯ ತಳ ಒಂದೆರಡು ಮೀಟರ್ ನೀರಿನೊಳಗೆ ಇಳಿದಿರುತ್ತದೆ. ಆ ತಳ ಒಮ್ಮೆ ಕಲ್ಲಿಗೆ ತಾಗಿದರೆ, ಮುಂದಿನ ತೆರೆ ಇಡೀ ದೋಣಿಯನ್ನು ಎತ್ತಿ ಅದೇ ಕಲ್ಲಿನ ಮೇಲೆ ಕುಕ್ಕುತ್ತದೆ.

ದ್ವೀಪದ ಮುಂದೆ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗುವ ಈ ಪದ್ಧತಿ ಜಗತ್ತಿನ ಎಲ್ಲ ಕಡಲುಗಳಲ್ಲೂ ಒಂದೇ. ಸೇಂಟ್ ಮೇರೀಸ್ ದ್ವೀಪಕ್ಕೆ ತೀರ ಹತ್ತಿರದ ಹೋಲಿಕೆ ಸಿಗುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಸ್ಟಾಫಾ ಎಂಬ ಪುಟ್ಟ ದ್ವೀಪದಲ್ಲಿ. ಮಲ್ ಎಂಬ ದೊಡ್ಡ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಸ್ಟಾಫಾದಲ್ಲೂ ಈಗ ಜನವಸತಿಯಿಲ್ಲ. ಅಲ್ಲಿಯೂ ಲಾವಾರಸ ತಣ್ಣಗಾಗುತ್ತ ಸೀಳಿ, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಸೇಂಟ್ ಮೇರೀಸ್‌ನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸ್ಟಾಫಾದ ಕಂಬಗಳು ಅವಕ್ಕಿಂತ ಕಿರಿಯವು, ಆರು ಕೋಟಿ ವರ್ಷದೊಳಗಿನವು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ 1772ರಲ್ಲಿ ಐಸ್‌ಲ್ಯಾಂಡಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದು ಬರೆದ ಮೇಲೆ ಸ್ಟಾಫಾ ಹೆಸರಾಯಿತು. ಸಂಗೀತಗಾರ ಮೆಂಡೆಲ್ಸನ್ 1829ರಲ್ಲಿ ಅಲ್ಲಿಗೆ ಹೋದದ್ದು ದಾರಿಯುದ್ದಕ್ಕೂ ಕಡಲಬೇನೆಯಿಂದ ನರಳುತ್ತಲೇ. ಈಗಲೂ ಸ್ಟಾಫಾಕ್ಕೆ ಹೋದ ದೋಣಿಗಳೆಲ್ಲ ಜನರನ್ನು ಇಳಿಸಿಯೇ ಬರುತ್ತವೆ ಎಂದಿಲ್ಲ. ಕಡಲು ಏಳುತ್ತಿದ್ದರೆ ಕಲ್ಲುಕಂಬಗಳ ನಡುವಿನ ಗುಹೆಯ ಮುಂದೆ ಒಂದು ಸುತ್ತು ಹಾಕಿ ವಾಪಸಾಗುವುದೇ ಅಲ್ಲಿನ ನಿಯಮ. ಹಾಯಿಯ ವಿಹಾರನೌಕೆಗಳಲ್ಲಿ, ಅಂದರೆ ಯಾಟ್‌ಗಳಲ್ಲಿ ಬರುವವರೂ ಅಲ್ಲಿ ರಾತ್ರಿ ತಂಗುವುದು ಅಪರೂಪ. ಗಾಳಿ ಬಿದ್ದ ದಿನ ಒಂದೆರಡು ತಾಸು ಲಂಗರು ಹಾಕಿ, ನೋಡಿಕೊಂಡು ಹೊರಟುಬಿಡುತ್ತಾರೆ.

ಲಂಗರು ಹಾಕುವ ಜಾಗವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಗಾಳಿಯ ಮರೆ. ದ್ವೀಪದ ಒಂದು ಬದಿಗೆ ಗಾಳಿ ಮತ್ತು ತೆರೆ ಬಡಿಯುತ್ತಿದ್ದರೆ ಅದರ ಹಿಂಬದಿಯಲ್ಲಿ ನೀರು ಸಮಾಧಾನವಾಗಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ತೆರೆ ಬರುವುದು ಪಶ್ಚಿಮದಿಂದ, ತೆರೆದ ಅರಬ್ಬಿ ಸಮುದ್ರದಿಂದ. ಆದ್ದರಿಂದ ಇಲ್ಲಿನ ದ್ವೀಪಗಳ ಪೂರ್ವದ ಬದಿಯೇ, ಅಂದರೆ ನಾಡಿಗೆ ಮುಖಮಾಡಿದ ಬದಿಯೇ ಸಾಮಾನ್ಯವಾಗಿ ಇಳಿಯಲು ಅನುಕೂಲ. ಎರಡನೆಯದು ತಳ. ಕೆಸರು ಮತ್ತು ಗಟ್ಟಿ ಮರಳು ಲಂಗರನ್ನು ಬಿಗಿಯಾಗಿ ಹಿಡಿಯುತ್ತವೆ. ಬರಿಯ ಬಂಡೆಯಲ್ಲಿ ಲಂಗರು ಜಾರುತ್ತದೆ, ಇಲ್ಲವೆ ಸಂದಿಯೊಂದಕ್ಕೆ ಸಿಕ್ಕಿ ಮೇಲಕ್ಕೇ ಬರುವುದಿಲ್ಲ. ಸ್ಕಾಟ್ಲೆಂಡಿನ ಕಡೆ ಇನ್ನೊಂದು ತೊಡಕುಂಟು. ಅಲ್ಲಿನ ತಣ್ಣೀರಿನ ತಳದಲ್ಲಿ ಉದ್ದುದ್ದ ಎಲೆಯ ಕಡಲಪಾಚಿ ದಟ್ಟವಾಗಿ ಬೆಳೆದಿರುತ್ತದೆ. ಲಂಗರು ಆ ಎಲೆಗಳ ಮೇಲೆ ಕುಳಿತು ಹಿಡಿದಂತೆ ತೋರಿಸಿ, ಗಾಳಿ ಬಲವಾದ ಕೂಡಲೇ ಪಾಚಿಯನ್ನು ಬೇರುಸಹಿತ ಕಿತ್ತುಕೊಂಡು ಸರಿಯುತ್ತದೆ.

ಲಂಗರು ದೋಣಿಯನ್ನು ಹಿಡಿಯುವುದು ತನ್ನ ಭಾರದಿಂದ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಹಿಂದಿನ ಕಾಲದ ಕಲ್ಲಿನ ಲಂಗರುಗಳ ಮಟ್ಟಿಗೆ ಆ ಮಾತು ಬಹುಪಾಲು ನಿಜ. ತೂತು ಕೊರೆದ ಅಂಥ ಕಲ್ಲುಗಳು ಗುಜರಾತಿನಿಂದ ಗೋವೆಯವರೆಗೆ ಭಾರತದ ಪಶ್ಚಿಮ ಕರಾವಳಿಯ ಸಮುದ್ರತಳದಲ್ಲಿ ಸಂಶೋಧಕರಿಗೆ ಸಿಕ್ಕಿವೆ. ಕಬ್ಬಿಣದ ಲಂಗರು ಹಿಡಿಯುವುದು ನೆಲದೊಳಗೆ ಹೂತುಕೊಂಡು. ನೇಗಿಲ ಗುಳ ಹೇಗೆ ಎಳೆದಷ್ಟೂ ಮಣ್ಣಿಗೆ ಇಳಿಯುತ್ತದೋ ಹಾಗೆಯೇ ಲಂಗರಿನ ಅಲಗೂ ದೋಣಿ ಎಳೆದಷ್ಟೂ ಮರಳಿನೊಳಗೆ ಇಳಿಯಬೇಕು. 1933ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್ ರೂಪಿಸಿದ ಲಂಗರು ಆಕಾರದಲ್ಲಿಯೂ ಎರಡು ಬದಿಯ ನೇಗಿಲೇ. ಸಣ್ಣ ತೂಕದಲ್ಲಿ ದೊಡ್ಡ ಹಿಡಿತ ಕೊಟ್ಟ ಅದು ವಿಹಾರನೌಕೆಗಳಲ್ಲಿ ದಶಕಗಳ ಕಾಲ ಮೆರೆಯಿತು. ಕರಾವಳಿಯ ಚಿಕ್ಕ ದೋಣಿಗಳಲ್ಲಿ ಈಗಲೂ ಕಾಣುವುದು ನಾಲ್ಕು ಕೊಕ್ಕೆಯ ಲಂಗರು. ಅದು ಕಲ್ಲುತಳದ ಸಂದಿಗಳಲ್ಲಿ ಸಿಕ್ಕಿಕೊಂಡು ದೋಣಿಯನ್ನು ನಿಲ್ಲಿಸುತ್ತದೆ, ಆದರೆ ಬಿಡಿಸಿಕೊಳ್ಳುವುದು ಕಷ್ಟವಾಗಬಹುದು.

ಅಲಗು ನೆಲದೊಳಗೆ ಇಳಿಯಬೇಕಾದರೆ ಎಳೆತ ಅಡ್ಡಲಾಗಿ, ನೆಲಕ್ಕೆ ಹತ್ತಿರವಾಗಿ ಬರಬೇಕು. ಮೇಲಿನಿಂದ ನೆಟ್ಟಗೆ ಎಳೆದರೆ ಲಂಗರು ಕಿತ್ತು ಬರುತ್ತದೆ. ಇದೇ ಕಾರಣಕ್ಕೆ ಹಗ್ಗವನ್ನು ಧಾರಾಳವಾಗಿ ಬಿಡುತ್ತಾರೆ. ಹಗ್ಗವಾದರೆ ಆಳದ ಐದರಿಂದ ಏಳು ಪಟ್ಟು, ಪೂರ್ತಿ ಕಬ್ಬಿಣದ ಸರಪಳಿಯಾದರೆ ಮೂರು ನಾಲ್ಕು ಪಟ್ಟು. ಸರಪಳಿ ತನ್ನ ತೂಕದಿಂದ ನೆಲದ ಮೇಲೆ ಮಲಗಿ ಎಳೆತವನ್ನು ತಗ್ಗಿನಲ್ಲೇ ಇಡುವುದರಿಂದ ಅದಕ್ಕೆ ಕಡಿಮೆ ಉದ್ದ ಸಾಕು. ಹೀಗಾಗಿ ಹೆಚ್ಚಿನ ನೌಕೆಗಳಲ್ಲಿ ಲಂಗರಿನ ಬುಡಕ್ಕೆ ಕೆಲವು ಮೀಟರ್ ಸರಪಳಿ, ಅದರ ಮೇಲೆ ಹಗ್ಗ. ಲೆಕ್ಕ ಹಾಕುವಾಗ ತಪ್ಪುವುದು ಆಳದ ವಿಷಯದಲ್ಲಿ. ಇಳಿತದ ಹೊತ್ತಿನಲ್ಲಿ 4 ಮೀಟರ್ ಆಳವಿರುವ ಕಡೆ, ಭರತ ಬಂದಾಗ ನೀರು ಒಂದೂವರೆ ಮೀಟರ್ ಏರುತ್ತದೆ. ಹಗ್ಗ ಕಟ್ಟಿರುವ ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲಿರುತ್ತದೆ. ಹಾಗಾದರೆ ಲೆಕ್ಕಕ್ಕೆ ಹಿಡಿಯಬೇಕಾದ ಆಳ 4 ಅಲ್ಲ, ಆರೂವರೆ ಮೀಟರ್. ಐದು ಪಟ್ಟೆಂದರೂ 32 ಮೀಟರಿಗೆ ಮೇಲೆ ಹಗ್ಗ ಬೇಕು. 4 ಮೀಟರಿನ ಲೆಕ್ಕದಲ್ಲಿ 20 ಮೀಟರ್ ಬಿಟ್ಟು ದಡಕ್ಕೆ ಹೋದವನ ದೋಣಿ ಭರತ ಬರುವ ಹೊತ್ತಿಗೆ ತನ್ನ ಲಂಗರನ್ನು ತಾನೇ ಕಿತ್ತುಕೊಂಡಿರುತ್ತದೆ.

ಈ ಹಗ್ಗದ ವಿಚಾರದಲ್ಲಿ ತುಮಕೂರು ಸೀಮೆಗೆ ಪರಿಚಯದ ವಸ್ತುವೊಂದು ಬರುತ್ತದೆ. ನೈಲಾನ್ ಬರುವ ಮೊದಲು ಅರಬ್ಬಿ ಸಮುದ್ರದ ನೌಕೆಗಳು ನೆಚ್ಚಿದ್ದು ತೆಂಗಿನ ನಾರಿನ ಹಗ್ಗವನ್ನು. ಗುಬ್ಬಿ, ತಿಪಟೂರು ಕಡೆಯ ನಾರಿನ ಘಟಕಗಳಲ್ಲಿ ಹೊಸೆಯುವ ನಾರೂ ಜಾತಿಯಲ್ಲಿ ಅದೇ. ಉಪ್ಪುನೀರಿನಲ್ಲಿ ಬೇಗ ಕೊಳೆಯದಿರುವುದು, ಎಳೆದಾಗ ಹಿಗ್ಗಿ ಜಗ್ಗು ತಾಳುವುದು, ನೀರಿನ ಮೇಲೆ ತೇಲುವುದು ಅದರ ಗುಣಗಳು. ಹಡಗಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಿಂದಲೇ ಹೊಲಿದು ಕಟ್ಟುತ್ತಿದ್ದ ಕಾಲವೂ ಒಂದಿತ್ತು. ಬಲದಲ್ಲಿ ನಾರಿನ ಹಗ್ಗ ನೈಲಾನಿಗೆ ಸಮವಲ್ಲ, ಅಷ್ಟೇ ಭಾರ ತಡೆಯಲು ಅದು ಬಹಳ ದಪ್ಪವಾಗಬೇಕು. ಆದ್ದರಿಂದ ಈಗ ಲಂಗರಿಗೆ ನೈಲಾನ್ ಹಗ್ಗವೇ ರೂಢಿ. ಅದೂ ಹಿಗ್ಗುತ್ತದೆ, ತೆರೆಗೆ ದೋಣಿ ಎದ್ದು ಬೀಳುವಾಗ ಆ ಜಗ್ಗು ಲಂಗರಿಗೆ ನೇರವಾಗಿ ತಾಗುವುದಿಲ್ಲ.

ಲಂಗರು ಬಿಡುವ ಕೆಲಸ ನಿಧಾನದ್ದು. ದೋಣಿ ಗಾಳಿಗೆ ಎದುರಾಗಿ ಬಂದು ನಿಲ್ಲಬೇಕು. ಮುನ್ನಡೆ ನಿಂತ ಮೇಲೆ ಲಂಗರನ್ನು ಎಸೆಯದೆ ಕೈಯಿಂದ ಇಳಿಬಿಡಬೇಕು. ಎಸೆದರೆ ಸರಪಳಿ ಅದರ ಮೇಲೇ ಗುಡ್ಡೆಯಾಗಿ ಬಿದ್ದು ಅಲಗಿಗೆ ತೊಡರುತ್ತದೆ. ದೋಣಿ ಗಾಳಿಗೆ ಹಿಂದಕ್ಕೆ ಸರಿಯುತ್ತಿದ್ದಂತೆ ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಹೋಗಿ, ಪೂರ್ತಿ ಬಿಟ್ಟ ಮೇಲೆ ಎಂಜಿನ್ನಿನಿಂದ ಹಿಂದಕ್ಕೆ ಎಳೆದು ಹಿಡಿತ ನೋಡಬೇಕು. ಹಗ್ಗದ ಮೇಲೆ ಅಂಗೈ ಇಟ್ಟರೆ ತಿಳಿಯುತ್ತದೆ. ಲಂಗರು ಹೂತಿದ್ದರೆ ಹಗ್ಗ ಬಿಗಿದು ಸುಮ್ಮನಿರುತ್ತದೆ, ಜಾರುತ್ತಿದ್ದರೆ ತಳದ ಕಲ್ಲುಮರಳು ಉಜ್ಜುವ ನಡುಕ ಅಂಗೈಗೆ ಬರುತ್ತದೆ. ಆಮೇಲೆ ದೋಣಿಯ ಪಕ್ಕಕ್ಕೆ ಕಾಣುವ ದಡದಲ್ಲಿ ಎರಡು ಗುರುತು ಹಿಡಿಯುತ್ತಾರೆ: ಮುಂದೊಂದು ಬಂಡೆ, ಅದರ ನೇರಕ್ಕೆ ಹಿಂದೊಂದು ಮರ. ಸ್ವಲ್ಪ ಹೊತ್ತಿನ ಮೇಲೂ ಬಂಡೆ ಮತ್ತು ಮರ ಒಂದೇ ಗೆರೆಯಲ್ಲಿದ್ದರೆ ದೋಣಿ ಸರಿದಿಲ್ಲ. ಲಂಗರು ಹಾಕಿದ ದೋಣಿ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದೂ ನೆನಪಿರಬೇಕು. ಗಾಳಿ, ಸೆಳೆತ ತಿರುಗಿದಂತೆ ಹಗ್ಗದುದ್ದದ ವೃತ್ತದಲ್ಲಿ ಅದೂ ತಿರುಗುತ್ತದೆ. ಆ ವೃತ್ತದೊಳಗೆ ಬಂಡೆಯಾಗಲಿ ಬೇರೊಂದು ದೋಣಿಯಾಗಲಿ ಇರಕೂಡದು.

ಕೆರೆಯ ನೀರನ್ನು ನೋಡಿ ಬೆಳೆದವರಿಗೆ ಹೊಸದಾಗಿ ಕಾಣುವುದು ಭರತ ಇಳಿತ. ಕೆರೆಯ ಮಟ್ಟ ವಾರ ಕಳೆದರೂ ಬೆರಳಷ್ಟು ಇಳಿದೀತು. ಕಡಲು ಪ್ರತಿದಿನ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಏರಿಳಿತ ದೊಡ್ಡದಾಗುತ್ತದೆ, ಅಷ್ಟಮಿಯ ಸುಮಾರಿಗೆ ಚಿಕ್ಕದಾಗುತ್ತದೆ. ಭರತದ ವೇಳೆ ಚಂದ್ರನಿಗೆ ಅಂಟಿಕೊಂಡಿರುವುದರಿಂದ ಒಂದು ಬಂದರಿನಲ್ಲಿ ಒಂದು ತಿಥಿಗೆ ಬಂದ ಭರತದ ಗಂಟೆ ಮುಂದಿನ ತಿಂಗಳು ಅದೇ ತಿಥಿಗೂ ಹೆಚ್ಚುಕಡಿಮೆ ಅದೇ ಇರುತ್ತದೆ. ಪಂಚಾಂಗ ನೋಡಬಲ್ಲವರು ಯಾರೇ ಆದರೂ ಇದನ್ನು ಲೆಕ್ಕ ಹಾಕಬಹುದು. ಕರಾವಳಿಯ ಮೀನುಗಾರರು ಗಡಿಯಾರವಿಲ್ಲದ ಕಾಲದಿಂದಲೂ ಹಾಕುತ್ತ ಬಂದಿದ್ದಾರೆ, ಮತ್ತು ಈ ಜ್ಞಾನಕ್ಕೆ ಶಾಲೆಯ ಪುಸ್ತಕಗಳಲ್ಲಿ ಈಗಿರುವುದಕ್ಕಿಂತ ದೊಡ್ಡ ಜಾಗ ಸಲ್ಲಬೇಕು. ಮಲ್ಪೆಯ ಕಡೆ ದೊಡ್ಡ ಏರಿಳಿತವೆಂದರೆ ಒಂದೂವರೆ ಮೀಟರಿನ ಆಸುಪಾಸು, ಕಾರವಾರದಲ್ಲಿ ಸುಮಾರು ಎರಡು ಮೀಟರ್. ಸ್ಟಾಫಾದ ಕಡೆ ಅದು ಮೂರೂವರೆ ನಾಲ್ಕು ಮೀಟರ್. ಅಲ್ಲಿ ದಡಕ್ಕೆ ಹೋದವರು ತಮ್ಮ ಚಿಕ್ಕ ದೋಣಿಯನ್ನು ನೀರಿನಂಚಿನಲ್ಲಿ ಬಿಟ್ಟು ಗುಡ್ಡ ಹತ್ತಿದರೆ, ಇಳಿದು ಬರುವಷ್ಟರಲ್ಲಿ ದೋಣಿ ತೇಲಿಹೋಗಿರುತ್ತದೆ. ಭರತದ ಗೆರೆಗಿಂತ ಮೇಲಕ್ಕೆ ಎಳೆದು, ಹಗ್ಗವನ್ನು ಬಂಡೆಗೆ ಬಿಗಿದೇ ಹೋಗಬೇಕು. ಒಣಗಿದ ಪಾಚಿ, ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆಯೇ ಹಿಂದಿನ ಭರತದ ಗುರುತು.

ಗಾಳಿಗೂ ದಿನಚರಿಯಿದೆ. ಮಳೆಗಾಲ ಕಳೆದು ಫೆಬ್ರವರಿಯವರೆಗಿನ ತಿಂಗಳುಗಳಲ್ಲಿ ಕರ್ನಾಟಕದ ಕರಾವಳಿಯಲ್ಲಿ ಬೆಳಗಿನ ಹೊತ್ತು ನೆಲದ ಕಡೆಯಿಂದ ತೆಳುಗಾಳಿ ಬೀಸುತ್ತದೆ, ಕಡಲು ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆಗೆ ತಿರುಗಿ, ಮಧ್ಯಾಹ್ನದ ನಂತರ ಬಲಗೊಳ್ಳುತ್ತದೆ. ದ್ವೀಪಕ್ಕೆ ಬೆಳಗ್ಗೆ ಹೋಗಿ ಬಿಸಿಲಿಳಿಯುವ ಮುನ್ನ ವಾಪಸಾಗುವ ರೂಢಿಯ ಹಿಂದೆ ಇರುವುದು ಈ ತಿಳಿವಳಿಕೆ. ಮುಂಗಾರಿನ ತಿಂಗಳುಗಳಲ್ಲಿ ದ್ವೀಪಯಾನ ಪೂರ್ತಿ ನಿಲ್ಲುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಮೀನಿನ ಸಂತಾನ ಉಳಿಯಲೆಂದು ಮಾಡಿದ ನಿಯಮವಾದರೂ, ಆ ದಿನಗಳ ಕಡಲಿನ ಅಬ್ಬರವನ್ನು ಕಂಡವರಿಗೆ ಇನ್ನೊಂದು ಪ್ರಯೋಜನವೂ ಹೊಳೆಯುತ್ತದೆ.

ದೊಡ್ಡ ದೋಣಿಯಿಂದ ಚಿಕ್ಕದಕ್ಕೆ, ಚಿಕ್ಕದರಿಂದ ದಡಕ್ಕೆ ಕಾಲಿಡುವ ಕ್ಷಣಗಳೇ ಇಡೀ ಪ್ರಯಾಣದಲ್ಲಿ ಸೂಕ್ಷ್ಮ. ಎರಡು ದೋಣಿಗಳೂ ಒಂದೇ ತೆರೆಗೆ ಒಂದೇ ಸಲ ಏಳುವುದಿಲ್ಲ; ದೊಡ್ಡದು ನಿಧಾನ, ಚಿಕ್ಕದು ಚುರುಕು. ಚಿಕ್ಕ ದೋಣಿ ಮೇಲೆದ್ದು ಎರಡರ ಅಂಚುಗಳು ಸಮವಾಗುವ ಒಂದು ಗಳಿಗೆಯಿರುತ್ತದೆ. ದಾಟಬೇಕಾದದ್ದು ಆಗ. ಅದು ಇಳಿಯುತ್ತಿರುವಾಗ ಕಾಲಿಟ್ಟರೆ ಹೆಜ್ಜೆಯ ಕೆಳಗಿನ ಹಲಗೆ ಅರ್ಧ ಮೀಟರ್ ಕುಸಿದಿರುತ್ತದೆ. ಕೈಯಲ್ಲಿ ಚೀಲ ಇರಬಾರದು, ಎರಡು ಕೈಗೂ ಹಿಡಿತ ಬೇಕು. ಎರಡು ದೋಣಿಗಳ ನಡುವಿನ ಸಂದಿಗೆ ಬೆರಳು ಹಾಕಬಾರದು. ಒಳಗೆ ಬಂದ ಕೂಡಲೇ ಕುಳಿತುಬಿಡಬೇಕು. ನಿಂತವರ ತೂಕ ಮೇಲಿರುವುದರಿಂದ ಚಿಕ್ಕ ದೋಣಿ ಸುಲಭವಾಗಿ ವಾಲುತ್ತದೆ. ಫೋಟೊಗಾಗಿ ಎಲ್ಲರೂ ಒಂದೇ ಬದಿಗೆ ಎದ್ದು ಬಾಗುವುದು ದೋಣಿ ಮಗುಚುವ ಕಾರಣಗಳಲ್ಲಿ ಒಂದು.

ದಡ ಮರಳಿನದ್ದಾದರೆ ಒಂದು ಬಗೆ, ಕಲ್ಲಿನದ್ದಾದರೆ ಇನ್ನೊಂದು. ಮರಳಿನ ದಡಕ್ಕೆ ಹೋಗುವಾಗ ಅನುಭವಿ ದೋಣಿಯವನು ತೆರೆ ಮುರಿಯುವ ಜಾಗದ ಹೊರಗೇ ನಿಂತು ನೋಡುತ್ತಾನೆ. ತೆರೆಗಳೆಲ್ಲ ಒಂದೇ ಎತ್ತರದವಲ್ಲ. ಕೆಲವು ದೊಡ್ಡವು ಗುಂಪಾಗಿ ಬಂದು ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ದೋಣಿಯ ಮೂತಿ ದಡಕ್ಕೆ ನೇರವಾಗಿರುವಂತೆ ನುಗ್ಗಬೇಕು. ದೋಣಿ ಅಡ್ಡಲಾಗಿ ತಿರುಗಿದರೆ ಹಿಂದಿನಿಂದ ಬಂದ ತೆರೆ ಅದನ್ನು ಉರುಳಿಸುತ್ತದೆ. ಆ ಭಯಕ್ಕಾಗಿ ಹಿಂಬದಿಯಿಂದ ಚಿಕ್ಕ ಲಂಗರೊಂದನ್ನು ಹೊರಗೇ ಬಿಟ್ಟು, ಅದರ ಹಗ್ಗವನ್ನು ಸಡಿಲಿಸುತ್ತ ಒಳಗೆ ಬರುವುದೂ ಉಂಟು. ವಾಪಸು ಹೋಗುವಾಗ ಅದೇ ಹಗ್ಗ ಹಿಡಿದೆಳೆದರೆ ದೋಣಿ ತೆರೆ ದಾಟಿ ಆಳಕ್ಕೆ ಸೇರುತ್ತದೆ. ಕಲ್ಲಿನ ದಡದಲ್ಲಿ ದೋಣಿ ಮುಟ್ಟಿ ನಿಲ್ಲುವುದೇ ಇಲ್ಲ. ಮೂತಿಯನ್ನು ಕಲ್ಲಿಗೆ ಹತ್ತಿರ ಒತ್ತಿ ಹಿಡಿದು, ಅದು ಮೇಲೆದ್ದಾಗ ಒಬ್ಬೊಬ್ಬರನ್ನೇ ದಾಟಿಸುತ್ತಾರೆ. ಭರತ ಮುಟ್ಟುವ ಎತ್ತರದವರೆಗಿನ ಕಲ್ಲು ಹಸಿರು ಪಾಚಿಯಿಂದ ಜಾರುತ್ತದೆ. ಕಲ್ಲಿಗೆ ಅಂಟಿದ ಚಿಪ್ಪುಗಳ ಅಂಚು ಬರಿಗಾಲನ್ನು ಕೊಯ್ಯುತ್ತದೆ. ಹಿಡಿತವಿರುವ ತಳದ ಪಾದರಕ್ಷೆ ಇಲ್ಲಿ ಅಲಂಕಾರವಲ್ಲ.

ಇಳಿಯುವ ಜಾಗವೊಂದರಿಂದ ಚರಿತ್ರೆಯೇ ತಿರುವು ಪಡೆದ ಉದಾಹರಣೆ ಕಾರವಾರದ ಎದುರಿಗಿದೆ. ಬಿಣಗಾದ ಹತ್ತಿರದ ಅಂಜದೀವ್ ದ್ವೀಪ ಆಡಳಿತದಲ್ಲಿ ಗೋವೆಗೆ ಸೇರಿದ್ದಾದರೂ ಕಣ್ಣಿಗೆ ಕಾಣುವುದು ಕಾರವಾರದಿಂದ. ಗಾಳಿಯ ಮರೆ, ಹಿಡಿತವುಳ್ಳ ತಳ, ಜೊತೆಗೆ ಸಿಹಿನೀರು ಮೂರೂ ಒಂದೇ ಕಡೆ ಸಿಗುವ ದ್ವೀಪ ಪಶ್ಚಿಮ ಕರಾವಳಿಯಲ್ಲಿ ವಿರಳ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಇಳಿದು, ದೇವಾಲಯ, ತೋಟ, ನೀರಿನ ಕೊಳಗಳನ್ನೂ ಒಬ್ಬ ಯೋಗಿಯನ್ನೂ ಕಂಡುದಾಗಿ ಬರೆದಿದ್ದಾನೆ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿ ಲಂಗರು ಹಾಕಿ, ಹಡಗುಗಳನ್ನು ದಡಕ್ಕೆಳೆದು ತಳ ಕೆರೆದು ದುರಸ್ತಿ ಮಾಡಿಸಿ, ನೀರು ಸೌದೆ ತುಂಬಿಸಿಕೊಂಡ. ಅದೇ ಪ್ರಯಾಣದಲ್ಲಿ ಪೋರ್ಚುಗೀಸರು ಕರಾವಳಿಯ ದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಗುರುತುಗಂಬ ನೆಟ್ಟರು. ಮಲ್ಪೆಯ ದ್ವೀಪಗಳ ಹೆಸರು ಅದರಿಂದಲೇ ಬಂದದ್ದೆಂದು ಪ್ರತೀತಿ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿದ.

ಅದೇ ದ್ವೀಪ 1662ರ ನಂತರ ಇಂಗ್ಲಿಷರ ಸೈನಿಕರಿಗೆ ಮಸಣವಾಯಿತು. ಪೋರ್ಚುಗೀಸರಿಂದ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಬಂದಿದ್ದ ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ನಾನೂರರಷ್ಟು ಸೈನಿಕರೊಂದಿಗೆ ಬಂದಿದ್ದ. ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಬೇರೆ ನೆಲೆ ಕಾಣದೆ ಅವರೆಲ್ಲ ಅಂಜದೀವದಲ್ಲಿ ಇಳಿದು ಕಾದರು. ಮಳೆ, ಜ್ವರ, ಆಹಾರದ ಕೊರತೆ ಅವರನ್ನು ಮುಗಿಸುತ್ತ ಹೋದವು. ಶಿಪ್‌ಮನ್ 1664ರಲ್ಲಿ ಅಲ್ಲಿಯೇ ಸತ್ತ. 1665ರ ಫೆಬ್ರವರಿಯಲ್ಲಿ ಮುಂಬಯಿ ಕೊನೆಗೂ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸು. ಲಂಗರಿಗೆ ಒಳ್ಳೆಯದಾದ ಜಾಗ ವಾಸಕ್ಕೂ ಒಳ್ಳೆಯದೆಂಬ ಎಣಿಕೆ ಸುಳ್ಳಾಯಿತು.

ಮೂರು ಶತಮಾನ ಕಳೆದು 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಭಾರತೀಯ ನೌಕಾಪಡೆಯ ತ್ರಿಶೂಲ್ ಮತ್ತು ಮೈಸೂರು ಯುದ್ಧನೌಕೆಗಳು ಅಂಜದೀವದ ಮುಂದೆ ಬಂದು ನಿಂತವು. ನಾವಿಕರು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಹೊರಟರು. ಮೊದಲ ತಂಡ ಇಳಿಯಿತು. ಎರಡನೆಯ ತಂಡ ದಡ ಸಮೀಪಿಸುವಾಗ ಮೇಲಿನಿಂದ ಗುಂಡಿನ ಮಳೆಯಾಯಿತು. ಹಡಗಿಗೂ ನೆಲಕ್ಕೂ ನಡುವೆ, ಮರೆಯೇ ಇಲ್ಲದ ನೀರಿನ ಮೇಲೆ ಅವರು ಸಿಕ್ಕಿಕೊಂಡಿದ್ದರು. ಅಂದಿನ ಕದನದಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು. ಈಗ ಅಂಜದೀವ್ ದ್ವೀಪವೇ ಅಲೆತಡೆ ಗೋಡೆಯಿಂದ ನಾಡಿಗೆ ಸೇರಿಕೊಂಡು, ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆಯ ಭಾಗವಾಗಿದೆ. ಅಲ್ಲಿ ಸಾರ್ವಜನಿಕರು ಇಳಿಯುವಂತಿಲ್ಲ.

ಉತ್ತರ ಕನ್ನಡದ ಉಳಿದ ದ್ವೀಪಗಳಲ್ಲಿ ಒಂದೊಂದರ ಗುಣ ಒಂದೊಂದು ಬಗೆ. ಹೊನ್ನಾವರದ ಎದುರಿನ ಬಸವರಾಜದುರ್ಗ ಕೆಳದಿಯ ಅರಸರ ಕೋಟೆಯಿರುವ ದ್ವೀಪ. ಸುತ್ತಲೂ ಕಡಿದಾದ ಕಲ್ಲು, ದೋಣಿ ತಾಗಿಸುವ ಜಾಗ ಕಡಿಮೆ. ಶತ್ರುವಿಗೆ ಇಳಿಯಲು ಕಷ್ಟವಾಗಲೆಂದೇ ಅಂಥ ಕಡೆ ಕೋಟೆ. ಕಾರವಾರದ ಎದುರಿನ ದೇವಗಡದಲ್ಲಿ 19ನೆಯ ಶತಮಾನದ ದೀಪಸ್ತಂಭವಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗುವವರು ಹೆಚ್ಚಾಗಿ ದೋಣಿಯಿಂದಲೇ ನೀರಿಗಿಳಿದು ಮುಳುಗುವವರು. ಅಲ್ಲಿನ ತಳದಲ್ಲಿ ಹವಳವಿದೆ. ಹವಳದ ಮೇಲೆ ಬಿದ್ದ ಲಂಗರು ದಶಕಗಳಲ್ಲಿ ಬೆಳೆದದ್ದನ್ನು ಒಂದೇ ಏಟಿಗೆ ಪುಡಿಮಾಡುತ್ತದೆ, ಸರಪಳಿ ದೋಣಿಯೊಂದಿಗೆ ತಿರುಗುತ್ತ ಸುತ್ತಲಿನದನ್ನೂ ಸವರುತ್ತದೆ. ಅಂಥ ಜಾಗಗಳಲ್ಲಿ ತಳಕ್ಕೆ ಶಾಶ್ವತವಾಗಿ ಬಿಗಿದ ತೇಲುಬುರುಡೆಗೆ ದೋಣಿ ಕಟ್ಟುವುದೊಂದೇ ಸರಿಯಾದ ದಾರಿ.

ಕಾರವಾರದ ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದ್ದು, ಜನವರಿಯಲ್ಲಿ ನಡೆಯುವ ಜಾತ್ರೆಗೆ ಜನ ದೋಣಿಗಳಲ್ಲಿ ಹೋಗಿಬರುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ತೆರೆಗೆ ಸಿಕ್ಕಿ ಮಗುಚಿತು. 16 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಕಡಲಿನ ಸ್ವಭಾವ ಗೊತ್ತಿಲ್ಲದ ಒಳನಾಡಿನ ಜನ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಮಂದಿ ಇದ್ದರು. ಹೆಚ್ಚು ಮಂದಿ ಕುಳಿತಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಒಳಗೆ ನುಗ್ಗಿದ ಒಂದು ತೆರೆಯ ನೀರೇ ಅದನ್ನು ಮಗುಚಲು ಸಾಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತದ್ದು ದೋಣಿಯಿಂದ ಬಿದ್ದಲ್ಲ, ದ್ವೀಪದಲ್ಲಿ ಇಳಿದ ಮೇಲೆ. ಕಲ್ಲುಕಂಬಗಳ ಹೊರಅಂಚಿನಲ್ಲಿ ನೀರು ಒಮ್ಮೆಲೇ ಆಳವಾಗುತ್ತದೆ, ತೆರೆಯ ಹಿನ್ನೆಳೆತ ಬಲವಾಗಿರುತ್ತದೆ. ಅಲ್ಲಿ ಕಾವಲುಗಾರರು ಎಳೆದ ಗೆರೆಯನ್ನು ದಾಟುವುದಕ್ಕೆ ಯಾವ ಚಿತ್ರವೂ ಸಮಜಾಯಿಷಿಯಲ್ಲ.

ದ್ವೀಪದಲ್ಲಿ ಇಳಿದವರು ಕುಡಿಯುವ ನೀರನ್ನು ತಾವೇ ಒಯ್ಯಬೇಕು, ಬಾಟಲಿಯನ್ನು ವಾಪಸು ತರಬೇಕು. ಚಿಪ್ಪು, ಕಲ್ಲು ಎತ್ತಿಕೊಂಡು ಬರಕೂಡದು. ಮರಳುವ ದೋಣಿಯ ವೇಳೆಯನ್ನು ಇಳಿಯುವಾಗಲೇ ದೋಣಿಯವನಿಂದ ಕೇಳಿಕೊಳ್ಳಬೇಕು. ಅವನು ಹೊರಡೋಣವೆಂದರೆ ಹೊರಡಬೇಕು. ಗಾಳಿ ತಿರುಗಿದ್ದು ಅವನಿಗೆ ಮೊದಲು ತಿಳಿಯುತ್ತದೆ.

ಶಾಲೆಯ ಮಕ್ಕಳನ್ನು ಮಲ್ಪೆಗೋ ಕಾರವಾರಕ್ಕೋ ಕರೆದೊಯ್ಯುವ ಉಪಾಧ್ಯಾಯರು ದೋಣಿ ಹತ್ತುವ ಮೊದಲು ದೋಣಿಯಲ್ಲಿ ಬರೆದಿರುವ ಮಂದಿಮಿತಿಯನ್ನು ಓದಬೇಕು, ಪ್ರತಿ ಮಗುವಿನ ಜೀವರಕ್ಷಕ ಜಾಕೆಟ್ಟಿನ ಪಟ್ಟಿಗಳನ್ನು ತಮ್ಮ ಕೈಯಿಂದಲೇ ಬಿಗಿದು ನೋಡಬೇಕು, ಎರಡರಲ್ಲಿ ಒಂದಕ್ಕೆ ಕೊರತೆಯಿದ್ದರೂ ಟಿಕೆಟ್ಟಿನ ಹಣ ಹೋದರೆ ಹೋಗಲೆಂದು ದಡದಲ್ಲೇ ಉಳಿಯಬೇಕು. ಕಡಲಿನಲ್ಲಿ ತೊಂದರೆಯಾದರೆ ಕರೆ ಮಾಡಬೇಕಾದ ಭಾರತೀಯ ಕರಾವಳಿ ಕಾವಲುಪಡೆಯ ದೂರವಾಣಿ ಸಂಖ್ಯೆ 1554.